ಪಂದ್ಯದ ಮುನ್ನಾದಿನ ತಂಡ ಇಳಿಸುವ ಶಾಸ್ತ್ರೋಕ್ತ ಕ್ರಮ

ದೊಡ್ಡ ಟೂರ್ನಿಗೆ ಫುಟ್‌ಬಾಲ್ ತಂಡವನ್ನು ಸಜ್ಜು ಮಾಡುವುದು ಹೇಗೆಂದು ಜಪಾನಿನವರನ್ನೋ ಕ್ರೊಯೇಷ್ಯಾದವರನ್ನೋ ಕೇಳಿ ಪ್ರಯೋಜನವಿಲ್ಲ. ಅವರು ಆಟಗಾರರಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಶುರುವಾಗುವುದು ಫೈಲಿನಿಂದ. ಆಟಗಾರ ಬರುವುದು ಕೊನೆಗೆ, ಅದೂ ಕ್ಲಬ್ಬಿನವರು ಬಿಟ್ಟರೆ, ವೀಸಾ ಸಿಕ್ಕರೆ. ಈ ದೇಶೀ ಪದ್ಧತಿಯನ್ನು ಯಾರೂ ಕ್ರಮವಾಗಿ ಬರೆದಿಟ್ಟಿಲ್ಲವಾದ್ದರಿಂದ, ಮುಂದೆ ಬರುವ ಪದಾಧಿಕಾರಿಗಳ ಅನುಕೂಲಕ್ಕಾಗಿ ಇಲ್ಲಿ ದಾಖಲಿಸಲಾಗಿದೆ. ಮಾದರಿಗೆ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್ ತೆಗೆದುಕೊಳ್ಳೋಣ. ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗುವುದು ಕಷ್ಟ.

ಮೊದಲ ನಿಯಮ: ತಂಡ ಹೋಗುತ್ತದೋ ಇಲ್ಲವೋ ಎಂಬುದನ್ನು ಜುಲೈ ಕೊನೆಯವರೆಗೂ ಇತ್ಯರ್ಥ ಮಾಡಬಾರದು. ಏಷ್ಯಾದಲ್ಲಿ ಮೊದಲ ಎಂಟರೊಳಗಿರುವ ತಂಡಗಳನ್ನು ಮಾತ್ರ ಕಳಿಸುವುದು ಎಂದು ಕ್ರೀಡಾ ಸಚಿವಾಲಯದ ಮಾನದಂಡವಿತ್ತು. ಭಾರತದ ಫುಟ್‌ಬಾಲ್ ತಂಡ ಎಂಟರ ಹತ್ತಿರ ಎಲ್ಲೂ ಇರಲಿಲ್ಲ. ಕಾರ್ನರ್ ಕಿಕ್ ಬಂದಾಗ ಯಾರು ಯಾರನ್ನು ಕಾಯಬೇಕು ಎಂದು ಚಾರ್ಟ್ ಬರೆಯಬೇಕಾದ ಹೊತ್ತಿನಲ್ಲಿ ಮುಖ್ಯ ಕೋಚ್ ಇಗೊರ್ ಸ್ಟಿಮಾಚ್ ಪ್ರಧಾನಮಂತ್ರಿಗೆ ಬಹಿರಂಗ ಪತ್ರ ಬರೆದು ಕೂತರು. ಜುಲೈ ಮುಗಿಯುವ ಹೊತ್ತಿಗೆ ವಿನಾಯಿತಿ ಸಿಕ್ಕಿತು. ಮೊದಲ ಪಂದ್ಯ ಸೆಪ್ಟೆಂಬರ್ 19ಕ್ಕೆ, ಆತಿಥೇಯ ಚೀನಾದ ಮೇಲೆ. ಕೈಯಲ್ಲಿ ಏಳು ವಾರ. ಬೇರೆಯವರಾದರೆ ಅಲ್ಲಿಂದ ಓಡಲು ಶುರು ಮಾಡುತ್ತಾರೆ. ನಮ್ಮಲ್ಲಿ ಫೈಲು ಪಾಸಾದ ಮೇಲೆ ಎಲ್ಲರೂ ಸ್ವಲ್ಪ ಸುಧಾರಿಸಿಕೊಳ್ಳುವುದು ವಾಡಿಕೆ.

ಎರಡನೆಯದು ಕ್ಯಾಲೆಂಡರ್. ಫಿಫಾ ಪ್ರತಿ ವರ್ಷ ಕೆಲವು ದಿನಗಳನ್ನು ರಾಷ್ಟ್ರೀಯ ತಂಡಗಳಿಗೆಂದೇ ಮೀಸಲಿಡುತ್ತದೆ. ಆ ಕಿಟಕಿ ತೆರೆದಿರುವಾಗ ಕ್ಲಬ್ಬುಗಳು ಆಟಗಾರರನ್ನು ಕೊಡಲೇಬೇಕು. ಮುಚ್ಚಿದ್ದಾಗ ಕೊಟ್ಟರೆ ಅವರ ದೊಡ್ಡತನ, ಅಷ್ಟೆ. ಏಷ್ಯನ್ ಗೇಮ್ಸ್ ಆ ಕಿಟಕಿಯ ಹೊರಗಿತ್ತು. ಇದು ಗುಟ್ಟೇನಲ್ಲ, ವರ್ಷಗಳ ಮೊದಲೇ ಗೊತ್ತಿರುವ ಸಂಗತಿ. ಹಾಗಾದರೆ ದೇಶದ ಲೀಗನ್ನು ಯಾವಾಗ ಶುರು ಮಾಡಬೇಕು? ಆ ಲೀಗು, ಅಂದರೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್), ಸೆಪ್ಟೆಂಬರ್ 21ಕ್ಕೆ ಶುರುವಾಯಿತು. ರಾಷ್ಟ್ರೀಯ ತಂಡ 19ಕ್ಕೆ ಚೀನಾ, 21ಕ್ಕೆ ಬಾಂಗ್ಲಾದೇಶ, 24ಕ್ಕೆ ಮ್ಯಾನ್ಮಾರ್ ಜೊತೆ ಆಡಬೇಕಿತ್ತು. ಲೀಗಿಗೆ ಮಾನ್ಯತೆ ಕೊಟ್ಟಿದ್ದು, ತಂಡ ಕಳಿಸಿದ್ದು ಎರಡೂ ಒಂದೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್. ಎರಡು ಮೇಜಿನ ಮೇಲೆ ಎರಡು ಕ್ಯಾಲೆಂಡರ್ ಇದ್ದಿರಬೇಕು.

ಕ್ಲಬ್ಬಿನವರು ತಮ್ಮ ಹುಡುಗರನ್ನು ಬಿಡಲಿಲ್ಲ. ಅವರನ್ನು ಬೈಯುವುದು ಸುಲಭ. ಆದರೆ ಸಂಬಳ ಕೊಡುವವರು ಅವರು, ಚೀನಾ ಪಂದ್ಯವಾಗಿ ಎರಡೇ ದಿನಕ್ಕೆ ಅವರ ಲೀಗ್ ಶುರು, ಕಾನೂನೂ ಅವರ ಕಡೆಗಿದೆ. ಮೊದಲು ಪ್ರಕಟವಾಗಿದ್ದ 22 ಜನರ ಪಟ್ಟಿ ಕರಗಿ 17ಕ್ಕೆ ಇಳಿಯಿತು. ಆಮೇಲೆ ಸಿಕ್ಕಸಿಕ್ಕವರನ್ನು ಸೇರಿಸಲಾಯಿತು. 39 ವರ್ಷದ ಸುನಿಲ್ ಛೆಟ್ರಿ ಮಾತ್ರ ಎಲ್ಲ ಪಟ್ಟಿಯಲ್ಲೂ ಇದ್ದರು, ವಾಡಿಕೆಯಂತೆ.

ತಂಡ ಹಾಂಗ್‌ಝೌ ತಲುಪಿದ್ದು ಸೆಪ್ಟೆಂಬರ್ 18ರ ಸಂಜೆ. ಪಂದ್ಯ ಮರುದಿನ ಸಂಜೆ. ಚೀನಾದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದಿರುವುದರಿಂದ ಅಷ್ಟು ನಿದ್ದೆಯೂ ಖೋತಾ.

ಇಲ್ಲಿ ಒಬ್ಬರು ಕೇಳಬಹುದು: ಎಲ್ಲರೂ ವೃತ್ತಿಪರ ಆಟಗಾರರೇ ತಾನೆ, ಇಳಿದ ಕೂಡಲೇ ಆಡಲು ಏನು ಕಷ್ಟ? ಚೆಂಡು ಒದೆಯಲು ಏನೂ ಕಷ್ಟವಿಲ್ಲ. ಕಷ್ಟವಿರುವುದು ಚೆಂಡು ಕಾಲಲ್ಲಿ ಇಲ್ಲದಿರುವಾಗ. ಎದುರಾಳಿ ಚೆಂಡನ್ನು ತನ್ನ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಟ್ಟ ಕ್ಷಣ ನಮ್ಮ ಸ್ಟ್ರೈಕರ್ ಅವನ ಮೇಲೆ ನುಗ್ಗುತ್ತಾನೆ ಅನ್ನಿ. ಅವನ ಹಿಂದೆ ಮಿಡ್‌ಫೀಲ್ಡಿನ ಮೂವರೂ ಹತ್ತು ಮೀಟರ್ ಮುಂದೆ ಬರಬೇಕು, ಡಿಫೆನ್ಸಿನ ನಾಲ್ವರೂ ಒಂದೇ ಗೆರೆಯಲ್ಲಿ ಮೇಲೇರಬೇಕು. ಒಬ್ಬ ಎರಡು ಹೆಜ್ಜೆ ಹಿಂದುಳಿದರೆ, ಎದುರಾಳಿಯನ್ನು ನಿಯಮ ಮೀರಿದ ಜಾಗದಲ್ಲಿ ಸಿಕ್ಕಿಸುವ ಆಫ್‌ಸೈಡ್ ಬಲೆ ಹರಿಯಿತು. ಮಿಡ್‌ಫೀಲ್ಡ್ ತಡವಾದರೆ ನಡುವೆ ಬಸ್ಸು ತಿರುಗಿಸುವಷ್ಟು ಜಾಗ. ಬಲಬದಿಯ ಬ್ಯಾಕ್ ಮುಂದೆ ಓಡಿದಾಗ ಅವನ ಜಾಗ ತುಂಬುವವನು ಯಾರು? ನಮ್ಮದೇ ಕಾರ್ನರ್ ಇದ್ದಾಗ ಹಿಂದೆ ಉಳಿಯುವ ಇಬ್ಬರು ಯಾರು? ಹತ್ತಿರದ ಕಂಬದ ಬಳಿ ಯಾರು? ಇದೆಲ್ಲ ವಾಟ್ಸ್ಆಪ್ ಗ್ರೂಪಿನಲ್ಲಿ ಚಿತ್ರ ಕಳಿಸಿದರೆ ಬರುವ ವಿದ್ಯೆಯಲ್ಲ. ಮೊದಲ ಮೂರ್ನಾಲ್ಕು ದಿನ, ಬೇರೆ ಬೇರೆ ಕ್ಲಬ್ಬಿನಿಂದ ಬಂದ ಕಾಲುಗಳನ್ನು ಒಂದೇ ಹದಕ್ಕೆ ತರಲೇ ಬೇಕು. ಆಮೇಲೆ ಒಂದು ವಾರ ಇದನ್ನೇ ಮಾಡಿ ಮಾಡಿ ಬೇಸರ ಬರಬೇಕು. ಆಮೇಲೆ ಕನಿಷ್ಠ ಎರಡು ಅಭ್ಯಾಸ ಪಂದ್ಯ. ಕೊನೆಯ ಎರಡು ದಿನ ಮೈ ಹಗುರ ಮಾಡಿಕೊಳ್ಳುವುದಕ್ಕೆ. ಇಷ್ಟನ್ನೂ ಒಂದು ರಾತ್ರಿ ಮತ್ತು ಒಂದು ಹಗಲಿನಲ್ಲಿ ಮುಗಿಸಬೇಕಿತ್ತು, ನಿದ್ದೆಯನ್ನೂ ಸೇರಿಸಿ.

ಪರಿಣಾಮ ಪಾಠಪುಸ್ತಕದಲ್ಲಿ ಇರುವಂತೆಯೇ ಬಂತು. ನಮ್ಮ ಗೋಲ್‌ಕೀಪರ್ ಗುರ್ಮೀತ್ ಸಿಂಗ್ ಪೆನಾಲ್ಟಿ ತಡೆದರು. ಮೊದಲರ್ಧದ ಹೆಚ್ಚುವರಿ ಸಮಯದಲ್ಲಿ ಕೆ.ಪಿ. ರಾಹುಲ್ ತೀರಾ ಇಕ್ಕಟ್ಟಿನ ಕೋನದಿಂದ ಗೋಲು ಹೊಡೆದರು. ವಿರಾಮಕ್ಕೆ 1-1. ಅಲ್ಲಿಗೆ ಅಡ್ರಿನಲಿನ್ ಮುಗಿಯಿತು. ಎರಡನೇ ಅರ್ಧದಲ್ಲಿ ಚೀನಾ ನಾಲ್ಕು ಗೋಲು ಹಾಕಿತು. 5-1. ಕೌಶಲ ಕಡಿಮೆ ಇದ್ದಿದ್ದರೆ ಮೊದಲರ್ಧದಲ್ಲೇ ಗೊತ್ತಾಗಬೇಕಿತ್ತು. ಕಡಿಮೆ ಬಿದ್ದದ್ದು ಕಾಲು.

ಇದಕ್ಕೆ ಮೂರು ತಿಂಗಳ ಹಿಂದಿನ ಒಂದು ದೃಶ್ಯ ಬೆಂಗಳೂರಿನವರಿಗೆ ನೆನಪಿರಬಹುದು. 2023ರ ಜೂನ್ 21, ಕಂಠೀರವ ಕ್ರೀಡಾಂಗಣ, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಚಾಂಪಿಯನ್‌ಷಿಪ್, ಭಾರತ-ಪಾಕಿಸ್ತಾನ. ವೀಸಾ ತಡವಾಗಿ ಪಾಕಿಸ್ತಾನ ತಂಡ ಊರಿಗೆ ಇಳಿದದ್ದೇ ಪಂದ್ಯದ ದಿನ. ಛೆಟ್ರಿ ಹ್ಯಾಟ್ರಿಕ್ ಹೊಡೆದರು, ನಾವು 4-0ಯಿಂದ ಗೆದ್ದೆವು, ಮಳೆಯಲ್ಲಿ ನೆನೆಯುತ್ತಲೇ ಕುಣಿದೆವು. ಎದುರಾಳಿ ಚೆಂಡು ಎಸೆಯಲು ಹೋದಾಗ ಕೈಯಿಂದ ಕಿತ್ತುಕೊಂಡ ಸ್ಟಿಮಾಚ್ ಸಾಹೇಬರು ಕೆಂಪು ಕಾರ್ಡ್ ಪಡೆದರು. ದಣಿದು ಬಂದ ತಂಡ ಎಷ್ಟು ಗೋಲು ತಿನ್ನುತ್ತದೆ ಎಂಬುದರ ಪ್ರಾತ್ಯಕ್ಷಿಕೆ ನಮ್ಮ ಅಂಗಳದಲ್ಲೇ ಉಚಿತವಾಗಿ ನಡೆದಿತ್ತು. ಫೆಡರೇಷನ್ ಅದನ್ನು ಚೆನ್ನಾಗಿ ಗಮನಿಸಿ, ಮೂರು ತಿಂಗಳಲ್ಲಿ ಪಾಕಿಸ್ತಾನದ ಪದ್ಧತಿಯನ್ನೇ ಅಳವಡಿಸಿಕೊಂಡಿತು.

ಕ್ಯಾಂಪಿಗೆ ದಿನ ಸಿಗದಿದ್ದರೆ ಗ್ರಹಗಳಿವೆ. ಏಷ್ಯಾಕಪ್ ಅರ್ಹತಾ ಪಂದ್ಯಗಳ ಮುಂಚೆ, 2022ರ ಜೂನ್‌ನಲ್ಲಿ, ಕೋಚ್ ಆಟಗಾರರ ಪಟ್ಟಿಯನ್ನು ಜ್ಯೋತಿಷಿಯೊಬ್ಬರಿಗೆ ಕಳಿಸಿ ಯಾರ ದಿನ ಚೆನ್ನಾಗಿದೆ ಎಂದು ಕೇಳುತ್ತಿದ್ದರೆಂದೂ, ಅದಕ್ಕೆ ಲಕ್ಷಗಳ ಲೆಕ್ಕದಲ್ಲಿ ಶುಲ್ಕ ಸಂದಿದೆಯೆಂದೂ ಮರುವರ್ಷ ಪತ್ರಿಕೆಗಳಲ್ಲಿ ವರದಿಯಾಯಿತು. ಕೆಲವರು ನಕ್ಕರು. ನಗುವಂಥದ್ದೇನಿದೆ? ಬೇರೆ ದೇಶದ ಕೋಚ್ ಆಟಗಾರನ ಬೆನ್ನಿಗೆ ಜಿಪಿಎಸ್ ಜಾಕೆಟ್ ತೊಡಿಸಿ, ಎಷ್ಟು ಕಿಲೋಮೀಟರ್ ಓಡಿದ, ಎಷ್ಟು ಸಲ ಪೂರ್ಣ ವೇಗದಲ್ಲಿ ಓಡಿದ ಎಂದು ವಾರಗಟ್ಟಲೆ ಲೆಕ್ಕ ಹಾಕುತ್ತಾನೆ. ಅದಕ್ಕೆ ಆಟಗಾರ ಎದುರಿಗೆ ಇರಬೇಕಾಗುತ್ತದೆ. ಜಾತಕಕ್ಕೆ ಹುಟ್ಟಿದ ದಿನ, ಗಳಿಗೆ ಇದ್ದರೆ ಸಾಕು. ಕ್ಲಬ್ಬಿನ ಅನುಮತಿಯೂ ಬೇಡ, ಫಿಫಾ ಕಿಟಕಿಯೂ ಬೇಡ. ಅಫ್ಗಾನಿಸ್ತಾನದ ಮೇಲೆ 2-1ರಿಂದ ಗೆದ್ದದ್ದೂ ನಿಜ, ಕೊನೆಯ ನಿಮಿಷಗಳ ಎರಡು ಗೋಲಿನಿಂದ. ಆ ಗೋಲುಗಳ ಶ್ರೇಯ ಛೆಟ್ರಿ ಮತ್ತು ಸಹಲ್ ಅಬ್ದುಲ್ ಸಮದ್ ಅವರಿಗೆ ಹೋಗಬೇಕೋ ಗುರುವಿಗೆ ಹೋಗಬೇಕೋ ಎಂಬುದು ಇನ್ನೂ ಬಗೆಹರಿದಿಲ್ಲ.

ಆ ಗೆಲುವುಗಳಿಂದ ಅರ್ಹತೆ ಸಿಕ್ಕ ಏಷ್ಯಾಕಪ್ 2024ರ ಜನವರಿಯಲ್ಲಿ ಕತಾರಿನಲ್ಲಿ ನಡೆಯಿತು. ಕೋಚ್ ಕ್ಯಾಂಪಿಗೆ ನಾಲ್ಕು ವಾರ ಕೇಳಿದ್ದರು. ಐಎಸ್‌ಎಲ್ ಡಿಸೆಂಬರ್ ಕೊನೆಯವರೆಗೂ ನಡೆಯಿತು, ತಂಡ 30ಕ್ಕೆ ದೋಹಾ ತಲುಪಿತು, ಜನವರಿ 13ಕ್ಕೆ ಆಸ್ಟ್ರೇಲಿಯಾ ಎದುರು ಕಣಕ್ಕಿಳಿಯಿತು. ಎರಡು ವಾರ. ಹಾಂಗ್‌ಝೌಗೆ ಹೋಲಿಸಿದರೆ ಇದು ವನವಾಸದಷ್ಟು ದೀರ್ಘ. 0-2, 0-3, 0-1. ಮೂರು ಪಂದ್ಯ, 270 ನಿಮಿಷ, ಒಂದೂ ಗೋಲಿಲ್ಲ, ಒಂದೂ ಅಂಕವಿಲ್ಲ.

ಪ್ರಾಮಾಣಿಕವಾಗಿ ಹೇಳಬೇಕೆಂದರೆ ಉದ್ದ ಕ್ಯಾಂಪು ಸರ್ವರೋಗಕ್ಕೂ ಮದ್ದಲ್ಲ. 2011ರ ಏಷ್ಯಾಕಪ್‌ಗೆ ಬಾಬ್ ಹೌಟನ್ ಆಟಗಾರರನ್ನು ತಿಂಗಳುಗಟ್ಟಲೆ ಕ್ಲಬ್ಬಿನಿಂದ ಬಿಡಿಸಿಕೊಂಡು ತರಬೇತಿ ಕೊಟ್ಟಿದ್ದರು. ಅಲ್ಲೂ ಮೂರಕ್ಕೆ ಮೂರು ಸೋತು 13 ಗೋಲು ತಿಂದೆವು. ಆದರೆ ಮೂರು ಗೋಲು ಹೊಡೆದೆವು. ತಿಂಗಳಿಗೆ ಇಷ್ಟು ಗೋಲು ಎಂದು ಯಾರಾದರೂ ಲೆಕ್ಕ ಹಾಕಿ ಹಣಕಾಸು ಸಮಿತಿಯ ಮುಂದಿಡಬಹುದು.

ಗೋಲು ಬಾರದಿರುವುದಕ್ಕೆ ಇನ್ನೊಂದು ಕಾರಣವಿದೆ, ಅದು ಯಾವ ಕ್ಯಾಂಪಿನಲ್ಲೂ ಸರಿಹೋಗದು. ಐಎಸ್‌ಎಲ್‌ನಲ್ಲಿ ಒಂದು ತಂಡದಿಂದ ಒಮ್ಮೆಗೆ ನಾಲ್ವರು ವಿದೇಶಿಯರು ಮೈದಾನದಲ್ಲಿರಬಹುದು. ಅವರನ್ನು ಎಲ್ಲಿ ನಿಲ್ಲಿಸುತ್ತಾರೆ? ದುಡ್ಡು ಕೊಟ್ಟು ತಂದವನನ್ನು ಗೋಲಿನ ಎದುರಿಗೇ ನಿಲ್ಲಿಸುತ್ತಾರೆ. ಭಾರತೀಯ ಹುಡುಗ ಸ್ಟ್ರೈಕರ್ ಆಗಿದ್ದರೂ ರೆಕ್ಕೆಗೆ, ಅಂದರೆ ಮೈದಾನದ ಅಂಚಿಗೆ, ಸರಿಯುತ್ತಾನೆ, ಇಲ್ಲವೇ ಬೆಂಚಿನಲ್ಲಿ ನೀರು ಕುಡಿಯುತ್ತಾನೆ. ಹೀಗಾಗಿ 2024ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಕಣ್ಣೀರಿಟ್ಟು ಬೀಳ್ಕೊಟ್ಟ ಛೆಟ್ರಿಯನ್ನು 2025ರ ಮಾರ್ಚ್‌ನಲ್ಲಿ, 40ನೇ ವಯಸ್ಸಿನಲ್ಲಿ, ವಾಪಸ್ ಕರೆಸಿಕೊಂಡೆವು. ಅವರು ಬಂದ ಮೊದಲ ಪಂದ್ಯದಲ್ಲೇ ಮಾಲ್ದೀವ್ಸ್ ಮೇಲೆ ಗೋಲು ಹೊಡೆದು ಸಮಸ್ಯೆ ಎಷ್ಟು ಗಂಭೀರ ಎಂದು ತೋರಿಸಿಕೊಟ್ಟರು.

ಆ ಹೊತ್ತಿಗೆ ತಂಡದ ಕೋಚ್ ಮನೋಲೊ ಮಾರ್ಕೆಜ್. ಅವರು ಅದೇ ಋತುವಿನಲ್ಲಿ ಎಫ್‌ಸಿ ಗೋವಾಕ್ಕೂ ಕೋಚ್. ಕ್ಲಬ್-ದೇಶ ಜಗಳಕ್ಕೆ ಇಷ್ಟು ಸರಳ ಪರಿಹಾರ ಜಗತ್ತಿನಲ್ಲಿ ಬೇರೆ ಯಾರಿಗೂ ಹೊಳೆದಿರಲಿಲ್ಲ: ಎರಡೂ ಕಡೆ ಒಬ್ಬನೇ ಮನುಷ್ಯ, ಜಗಳ ಅವನ ತಲೆಯೊಳಗೇ ಮುಗಿಯುತ್ತದೆ. ಎಂಟು ಪಂದ್ಯಗಳಲ್ಲಿ ಒಂದು ಗೆಲುವಿನೊಂದಿಗೆ ಅವರು ಹೊರಟರು. ನಂತರ ಬಂದ ಖಾಲಿದ್ ಜಮೀಲ್ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ಪಡುಕೋಣೆ-ದ್ರಾವಿಡ್ ಕೇಂದ್ರದಲ್ಲಿ ಕ್ಯಾಂಪು ಹಾಕಿದರೆ, ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಡಲಿಲ್ಲ. ಮತ್ತದೇ ಕಿಟಕಿ. ಜೊತೆಗೆ, ದೇಶಕ್ಕೆ ಆಡಿ ಗಾಯಗೊಂಡವರನ್ನು ಫೆಡರೇಷನ್ ವಿಚಾರಿಸುವುದಿಲ್ಲ ಎಂಬ ದೂರು. ಇದ್ದವರನ್ನೇ ಕಟ್ಟಿಕೊಂಡು ಹೋಗಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್‌ನಲ್ಲಿ ಜಮೀಲ್ ಮೂರನೇ ಸ್ಥಾನ ತಂದರು. ಇಂಥ ಅಪವಾದಗಳು ಆಗಾಗ ನಡೆಯುತ್ತವೆ, ಪದ್ಧತಿಯ ದೋಷವೆಂದು ಭಾವಿಸಬಾರದು.

ಪದ್ಧತಿ ಬೇಗನೆ ಸರಿದಾರಿಗೆ ಬಂತು. ಅಲ್ಲಿಯವರೆಗೆ ನೆಪ ಒಂದೇ: ಲೀಗ್ ದಿನ ಬಿಡುತ್ತಿಲ್ಲ. 2025ರಲ್ಲಿ ಲೀಗ್ ನಡೆಸುವ ಒಪ್ಪಂದವೇ ತೂಗಾಡುತ್ತಿದ್ದುದರಿಂದ ಐಎಸ್‌ಎಲ್ ತನ್ನ ಕಾಲಕ್ಕೆ ಶುರುವಾಗಲೇ ಇಲ್ಲ. ಬೇಕಾದಷ್ಟು ದಿನ! ಆದರೆ ಈಗ ಆಟಗಾರರ ಕಾಲಿಗೆ ಪಂದ್ಯದ ಅಭ್ಯಾಸವೇ ಇಲ್ಲ. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರದ ಎದುರು ಮೊದಲು ಗೋಲು ಹೊಡೆದು, ಎರಡು ತಿಂದು, 2027ರ ಏಷ್ಯಾಕಪ್ ಬಾಗಿಲು ಮುಚ್ಚಿಕೊಂಡೆವು. ನವೆಂಬರ್‌ನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು, 22 ವರ್ಷಗಳಲ್ಲಿ ಮೊದಲ ಸಲ. ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತೀಯರಾದ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಅಲ್ಲಿ ಆಡಲಾಗಲಿಲ್ಲ, ಕಾಗದಪತ್ರ ಸಮಯಕ್ಕೆ ಬರಲಿಲ್ಲ. ಭಾರತೀಯರಾದದ್ದು ಪೂರ್ಣವಾಯಿತು ಎನ್ನಲು ಇಷ್ಟು ಸಾಕು.

ಸೋಲಿಗೆ ಸಿದ್ಧತೆಯಲ್ಲಿ ಮಾತ್ರ ನಮ್ಮನ್ನು ಮೀರಿಸುವವರಿಲ್ಲ. 1950ರ ವಿಶ್ವಕಪ್‌ಗೆ, ಗುಂಪಿನಲ್ಲಿದ್ದ ಉಳಿದವರೆಲ್ಲ ಹಿಂದೆ ಸರಿದು, ಒಂದೂ ಪಂದ್ಯ ಆಡದೆ ಅರ್ಹತೆ ಸಿಕ್ಕಿತ್ತು. ಹೋಗಲಿಲ್ಲ. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಯಾವ ಲೆಕ್ಕ ಎಂಬ ಧೋರಣೆಯೇ ಅದಕ್ಕೆ ಮುಖ್ಯ ಕಾರಣ. ಆದರೆ ಬರಿಗಾಲಲ್ಲಿ ಆಡಲು ಫಿಫಾ ಬಿಡಲಿಲ್ಲ ಎಂಬ ಕತೆ ಮುಕ್ಕಾಲು ಶತಮಾನದಿಂದ ಓಡುತ್ತಿದೆ, ಯಾವ ಸ್ಟ್ರೈಕರೂ ಓಡದಷ್ಟು ದೂರ. ಹಿಂದಿನ ನೆಪ ಹೀಗಾದರೆ ಮುಂದಿನದಕ್ಕೆ ‘ವಿಷನ್ 2047’ ಇದೆ. ಆ ಹೊತ್ತಿಗೆ ಭಾರತ ಏಷ್ಯಾದ ಮೊದಲ ನಾಲ್ಕರಲ್ಲಿ ಇರಬೇಕೆಂದು 2023ರ ಜನವರಿಯಲ್ಲಿ ಘೋಷಿಸಲಾಗಿದೆ. ಅದನ್ನು ಘೋಷಿಸಿದವರು ಯಾರೂ ಆಗ ಹುದ್ದೆಯಲ್ಲಿ ಇರುವುದಿಲ್ಲ.

ಇನ್ನು ಕೋಚ್ ಹುಡುಕಾಟ. 2025ರ ಜುಲೈನಲ್ಲಿ 170 ಅರ್ಜಿ ಬಂದವು. ಅದರಲ್ಲಿ ಬಾರ್ಸಿಲೋನಾದ ಮಾಜಿ ಕೋಚ್ ಶಾವಿಯ ಹೆಸರೂ ಇತ್ತು, ಅವರಿಗೆ ಕೊಡುವಷ್ಟು ದುಡ್ಡಿಲ್ಲವೆಂದು ಕೈಬಿಡಲಾಯಿತು ಎಂಬ ಸುದ್ದಿ ಜಗತ್ತಿಡೀ ಹರಡಿತು. ಎರಡೇ ದಿನದಲ್ಲಿ ಫೆಡರೇಷನ್ ಸ್ಪಷ್ಟನೆ ಕೊಟ್ಟಿತು: ಶಾವಿ ಮತ್ತು ಪೆಪ್ ಗಾರ್ಡಿಯೋಲಾ ಹೆಸರಿನ ಇಮೇಲ್‌ಗಳು ಅಸಲಿಯಲ್ಲ. ಶಾವಿ ಹೆಸರಲ್ಲಿ ಮೇಲ್ ಕಳಿಸಿದ್ದು 19 ವರ್ಷದ ವಿದ್ಯಾರ್ಥಿಯಂತೆ.

ಮುಂದಿನ ಸಲ ಗೊಂದಲವಾಗದಿರಲೆಂದು ಪ್ರಕಟಣೆಯ ಕರಡನ್ನು ಇಲ್ಲೇ ಕೊಟ್ಟಿದೆ. ಬೇಕಾಗಿದ್ದಾರೆ: ರಾಷ್ಟ್ರೀಯ ಫುಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರು. ಆಟಗಾರರನ್ನು ವಿಮಾನ ನಿಲ್ದಾಣದಲ್ಲೇ ಗುರುತು ಹಿಡಿದು ಪರಿಚಯ ಮಾಡಿಕೊಳ್ಳಬಲ್ಲವರಾಗಿರಬೇಕು. ಪ್ರಧಾನಮಂತ್ರಿಯವರಿಗೆ ಪತ್ರ ಬರೆಯುವಷ್ಟು ಭಾಷಾಜ್ಞಾನ ಕಡ್ಡಾಯ. ಪಂಚಾಂಗ ಓದಲು ಬಂದರೆ ಆದ್ಯತೆ. ಈಗಾಗಲೇ ಕ್ಲಬ್ಬೊಂದರಲ್ಲಿ ಕೆಲಸದಲ್ಲಿರುವವರು ರಾಜೀನಾಮೆ ಕೊಡಬೇಕಾಗಿಲ್ಲ. ಸುಳ್ಳು ಇಮೇಲ್‌ನಿಂದ ಬಂದ ಅರ್ಜಿಗಳನ್ನು ಸಂಬಳ ದುಬಾರಿಯಾದರೆ ಮಾತ್ರ ತಿರಸ್ಕರಿಸಲಾಗುವುದು.