ಬೇಜಾರಿಗೆ ದುಭಾಷಿ ಬೇಕಾಗಿದ್ದಾರೆ

ಮೊನ್ನೆ ಕೇರಳದ ಗಡಿಯ ನಮ್ಮ ಕಾಸರಗೋಡು ಜಿಲ್ಲೆಯ ಒಂದು ಸರಕಾರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದೆ. ಯಾವ ಆಸ್ಪತ್ರೆ ಅಂತ ಕೇಳಬೇಡಿ. ತಿಂಗಳಿಗೊಮ್ಮೆ ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ಬಂದು ಕೂರುವ ದಿನ. ನನಗಿಂತ ಮೊದಲಿನ ಟೋಕನ್ ಒಬ್ಬರು ಅಜ್ಜಿಯದ್ದು. ಜೊತೆಗೆ ಹತ್ತು ವರ್ಷದ ಪುಳ್ಳಿ, ಅಂದರೆ ಮೊಮ್ಮಗ. ಅಜ್ಜಿಗೆ ಮಲಯಾಳ ಬಾರದು, ಡಾಕ್ಟರಿಗೆ ಕನ್ನಡ ಬಾರದು. ಮಧ್ಯದಲ್ಲಿ ಆ ಹುಡುಗ.

ಬಾಗಿಲು ತೆರೆದೇ ಇತ್ತು. ಅಜ್ಜಿ ಸುಮಾರು ಎರಡು ನಿಮಿಷ ಮಾತಾಡಿದರು. ಗಂಡ ತೀರಿಹೋದ ಮೇಲೆ ಮನೆ ಬಿಕೋ ಅನ್ನುತ್ತದೆ. ಒಲೆ ಹತ್ತಿಸಲು ಮನಸ್ಸೇ ಬರುವುದಿಲ್ಲ. ರಾತ್ರಿ ಮಲಗಿದರೆ ಬೆಳಗಾಗುವುದೇ ಬೇಡ ಅನಿಸುತ್ತದೆ. ಹುಡುಗ ಇಷ್ಟನ್ನೂ ಕೇಳಿ, ಡಾಕ್ಟರ ಕಡೆ ತಿರುಗಿ ಒಂದೇ ಮಾತು ಹೇಳಿದ: "ಉರಕ್ಕಮಿಲ್ಲ." ನಿದ್ದೆ ಇಲ್ಲವಂತೆ.

ಡಾಕ್ಟರು ಪಾಪ ಇನ್ನೊಂದು ಪ್ರಶ್ನೆ ಕೇಳಿದರು. "ಸಂಕಡಂ ಉಂಡೋ?" ಇದು ತನಗೆ ಗೊತ್ತಾಯಿತು ಅಂತ ಅಜ್ಜಿಗೆ ಖುಷಿ. "ಇಲ್ಲ ಡಾಕ್ಟ್ರೇ, ಹೊಟ್ಟೆ ಸರಿ ಉಂಟು" ಅಂದರು. ಮಲಯಾಳದಲ್ಲಿ ಅದು ದುಃಖ. ನಮ್ಮ ಅಜ್ಜಿಯಂದಿರಿಗೆ ಸಂಕಟ ಅಂದರೆ ಹೊಟ್ಟೆಯದ್ದು. ಚೀಟಿಯಲ್ಲಿ ಏನು ಬರೆದರೋ ನಾನು ನೋಡಲಿಲ್ಲ. ನಿದ್ದೆಗೆ ಮದ್ದು ಅಂತ ಮಾತ್ರ ಕೇಳಿಸಿತು.

ಅದೇ ದಿನ ಸಂಜೆ ಬೆಂಗಳೂರಿನ ನನ್ನ ಚಿಕ್ಕಮ್ಮನ ಮಗ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಹಾಕಿದ. 'ಕಡಿಮೆ ಖರ್ಚಿನಲ್ಲಿ ಮನಸ್ಸಿನ ಆರೋಗ್ಯ'. ಬೆಳಿಗ್ಗೆ ನಡೆಯಿರಿ, ಡೈರಿ ಬರೆಯಿರಿ, ಮನಬಿಚ್ಚಿ ಮಾತಾಡಿ, ಮಾತಿಗೆ ಕಾಸು ಬೇಕಾಗಿಲ್ಲ.

ಮಾತಿಗೆ ಕಾಸು ಬೇಡ ಅಂತ ಯಾರು ಹೇಳಿದ್ದು ಮಾರಾಯ್ರೇ? ನಡೆಯುವ ವಿಷಯ ಬಿಡಿ. ಪಿಗ್ಮಿ ಕಲೆಕ್ಷನಿಗೆ, ಅಂದರೆ ದಿನಾ ಉಳಿತಾಯದ ದುಡ್ಡು ಒಟ್ಟುಮಾಡಲು, ಅಂಗಡಿ ಅಂಗಡಿ ಸುತ್ತುವವಳು ನಾನು, ನಡೆದು ಮನಸ್ಸು ಸರಿಯಾಗುವುದಾದರೆ ಇಷ್ಟೊತ್ತಿಗೆ ನಾನು ಋಷಿ ಆಗಿರಬೇಕಿತ್ತು. ಆದರೆ ಮಾತಿಗೆ ನಾನು ಕಾಸು ಕೊಟ್ಟಿದ್ದೇನೆ. ಲೆಕ್ಕ ಇದೆ.

ಹೇಳಿಯೇ ಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅಪ್ಪ ತೀರಿಹೋದ ವರ್ಷವೇ ತೋಟಕ್ಕೆ ಕೊಳೆರೋಗವೂ ಬಂತು, ಸೊಸೈಟಿ ಸಾಲವೂ ಬಾಕಿ. ನಾನು ಆರು ತಿಂಗಳು ನಕ್ಕಿರಲಿಲ್ಲ. ಅಂದರೆ ನಿಮ್ಮ ಅಂಗಡಿ ಮುಂದೆ ನಗುತ್ತಿದ್ದೆ, ಅದು ಕೆಲಸದ ನಗು. ಆಮೇಲೆ ಮಂಗಳೂರಿಗೆ ಹೋಗಿ ತೋರಿಸಿದೆ. ಒಂದು ಸಲಕ್ಕೆ 800 ರೂಪಾಯಿ ಫೀಸು. ಬಸ್ಸಿಗೆ ಬೇರೆ. ಗಡಿಯ ತಲಪಾಡಿ ದಾಟಿದ ಮೇಲೆ ಕರ್ನಾಟಕದ ಹೆಂಗಸರು ಸರಕಾರಿ ಬಸ್ಸಿನಲ್ಲಿ ಆಧಾರ್ ತೋರಿಸಿ ಪುಕ್ಕಟೆ ಹೋಗುವುದು ಈಗಿನ ಮಾತು. ಆಗ ಅದೂ ಇರಲಿಲ್ಲ, ಇದ್ದರೂ ಕೇರಳದ ಆಧಾರ್ ಇರುವ ನನಗೆ ಅದು ಸಿಗುವುದಿಲ್ಲ. ಒಂದು ದಿನದ ಕಲೆಕ್ಷನ್ ಹೋಯಿತು ಅಂದರೆ ಕಮಿಷನ್ನೂ ಹೋಯಿತು. ಮನೆಯಲ್ಲಿ 'ಕಣ್ಣು ತೋರಿಸಲಿಕ್ಕೆ' ಅಂತ ಸುಳ್ಳು. ಪ್ರತಿ ತಿಂಗಳೂ ಕಣ್ಣು ತೋರಿಸುವ ಹೆಂಗಸು ನಾನೊಬ್ಬಳೇ ಇರಬೇಕು.

2020ರ ಮಾರ್ಚಿನಲ್ಲಿ ಕೊರೋನಾ ಅಂತ ಕರ್ನಾಟಕದ ಗಡಿ ಮುಚ್ಚಿತಲ್ಲ, ರಸ್ತೆಗೆ ಮಣ್ಣು ಸುರಿದರಲ್ಲ, ಆಗ ನನ್ನ ಮಾತ್ರೆ ಮುಗಿಯಿತು. ಮಂಗಳೂರಿಗೆ ಹೋಗಲಾಗದೆ ನಮ್ಮ ಜಿಲ್ಲೆಯಲ್ಲಿ ಜೀವಗಳೇ ಹೋದ ದಿನಗಳು ಅವು. ನನ್ನದು ಅದರ ಮುಂದೆ ಏನೂ ಅಲ್ಲ. ಆದರೆ ಈ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಬಾರದು ಅಂತ ಡಾಕ್ಟರು ಯಾಕೆ ಹೇಳುತ್ತಾರೆ ಅಂತ ಆಗ ಗೊತ್ತಾಯಿತು. ತಲೆ ತಿರುಗುವುದು, ನಿದ್ದೆಯಲ್ಲಿ ಬೆಚ್ಚಿ ಬೀಳುವುದು, ತಲೆಯೊಳಗೆ ಸಣ್ಣಗೆ ಕರೆಂಟು ಹೊಡೆದ ಹಾಗೆ. ಕೊನೆಗೆ ನಮ್ಮ ವಾರ್ಡಿನ ಆಶಾ ಅಕ್ಕ ಚೀಟಿ ನೋಡಿ, "ಇದಾ? ಇದು ಇಲ್ಲಿಯೇ ಸಿಗ್ತದಲ್ಲ, ದುಡ್ಡಿಲ್ಲದೆ" ಅಂದರು.

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅದೇ ಮದ್ದು. ಊರಿನಲ್ಲೇ. ಹಾಗಾದರೆ ಅಷ್ಟು ಸಮಯ ನಾನು ದುಡ್ಡು ಕೊಟ್ಟದ್ದು ಯಾವುದಕ್ಕೆ? ಕನ್ನಡಕ್ಕೆ. ಎದುರಿಗೆ ಕೂತವರು "ಹೇಳಿ, ಏನಾಗ್ತಾ ಇದೆ?" ಅಂತ ಕೇಳುವ ಆ ಒಂದು ವಾಕ್ಯಕ್ಕೆ.

ಈಗ ಕೆಲವರು ಬರುತ್ತಾರೆ, ಗೊತ್ತು. "ಕೇರಳದಲ್ಲಿದ್ದುಕೊಂಡು ಮಲಯಾಳ ಕಲಿಯಬಾರದಾ?" ಕಲಿತಿದ್ದೇನೆ ಸ್ವಾಮಿ. ಮೀನಿಗೆ ಚೌಕಾಸಿ ಮಾಡುವಷ್ಟು, ಪಂಚಾಯತಿನಲ್ಲಿ ಜಗಳ ಆಡುವಷ್ಟು ಚೆನ್ನಾಗಿ ಕಲಿತಿದ್ದೇನೆ. ಆದರೆ 'ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗೆ' ಅಂತ ಹೇಳುವಾಗ ವ್ಯಾಕರಣ ಹುಡುಕುತ್ತಾ ಕೂತರೆ, ಕಲ್ಲು ಅಲ್ಲೇ ಇರುತ್ತದೆ. ಎಪ್ಪತ್ತು ದಾಟಿದ ಆ ಅಜ್ಜಿ ಈಗ ಯಾವ ಶಾಲೆಗೆ ಹೋಗಬೇಕು? ಹೇಳುವವರು ಒಮ್ಮೆ ತಮ್ಮ ಹೊಟ್ಟೆಕಿಚ್ಚನ್ನಾದರೂ ಬೇರೆ ಭಾಷೆಯಲ್ಲಿ ಹೇಳಿ ನೋಡಲಿ.

ಡಾಕ್ಟರನ್ನು ನಾನು ಬೈಯುತ್ತಿಲ್ಲ. ಹೊರಗೆ ಅಷ್ಟುದ್ದ ಕ್ಯೂ. ಅವರಿಗೆ ಬರುವ ಕನ್ನಡ 'ಊಟ ಆಯ್ತಾ' ಒಂದೇ, ಅದನ್ನು ಹನ್ನೊಂದು ಗಂಟೆಗೂ ಕೇಳುತ್ತಾರೆ, ಪ್ರೀತಿಯಿಂದಲೇ.

ತಮಾಷೆ ಏನು ಗೊತ್ತಾ? ತಜ್ಞರನ್ನೇ ಕಾಯದೆ ಹಳ್ಳಿಯ ಸಣ್ಣ ಆಸ್ಪತ್ರೆಯಲ್ಲೇ ಮನಸ್ಸಿನ ಕಾಯಿಲೆಗೆ ಮದ್ದು ಕೊಡುವ ಈ ಜಿಲ್ಲಾ ಯೋಜನೆ ಇದೆಯಲ್ಲ, ಅದನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಮಾಡಿ ನೋಡಿದ್ದು ಬಳ್ಳಾರಿಯಲ್ಲಿ. ಅದು ಸರಿಹೋಯಿತು ಅಂತ 1996ರಲ್ಲಿ ದೇಶದ ಬೇರೆ ಜಿಲ್ಲೆಗಳಿಗೆ ತೆಗೆದುಕೊಂಡು ಹೋದರು. ಕನ್ನಡದ ಜಿಲ್ಲೆಯಲ್ಲಿ ಹುಟ್ಟಿದ್ದು ಕಾಸರಗೋಡಿನ ಕನ್ನಡದ ಅಜ್ಜಿಯ ಹತ್ತಿರ ಬರುವಾಗ ಅದಕ್ಕೆ ಕನ್ನಡ ಮರೆತುಹೋಗಿದೆ. ವೇದಿಕೆ ಹತ್ತಿದವರೆಲ್ಲ 'ಸಪ್ತಭಾಷಾ ಸಂಗಮ ಭೂಮಿ' ಅಂತ ಶುರು ಮಾಡುತ್ತಾರೆ. ಏಳು ಭಾಷೆಯ ಸಂಗಮದಲ್ಲಿ ಒಂದು ಬೇಜಾರು ದಾಟಿಸಲು ಐದನೇ ಕ್ಲಾಸಿನ ಹುಡುಗ ಬೇಕು.

ನಮ್ಮ ಜನ ಡಾಕ್ಟರ ಬದಲು ಜೋಯಿಸರ ಹತ್ತಿರ ಪ್ರಶ್ನೆ ಇಡಿಸಲು ಹೋಗುತ್ತಾರೆ ಅಂತ ಓದಿದವರಿಗೆ ಸಿಟ್ಟು. ನನಗೂ ಇತ್ತು. ಈಗ ಅಷ್ಟಿಲ್ಲ. ಜೋಯಿಸರು ಒಂದು ಗಂಟೆ ಕೂತು ಕೇಳುತ್ತಾರೆ, ಕನ್ನಡದಲ್ಲಿ. ಭೂತಕೋಲದ ನೇಮದಲ್ಲಿ ದೈವ ಅಭಯ ಕೊಡುವುದೂ ತುಳುವಿನಲ್ಲಿ. ದೈವಕ್ಕೆ ಕೂಡ ಗೊತ್ತು ಯಾವ ಊರಲ್ಲಿ ಯಾವ ಭಾಷೆ ಅಂತ. (ಖರ್ಚು ಮಾತ್ರ ಕೇಳಬೇಡಿ. ಪರಿಹಾರದ ಪಟ್ಟಿ ನೋಡಿದರೆ ಮಂಗಳೂರೇ ಅಗ್ಗ.)

ಫೋನ್ ಇದೆಯಲ್ಲ ಅನ್ನಬಹುದು. ಇದೆ. 14416, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕಾಸಿಲ್ಲ, ದಿನದ 24 ಗಂಟೆ, ಕನ್ನಡವೂ ಉಂಟು. ನಂಬರ್ ಬರೆದಿಟ್ಟುಕೊಳ್ಳಿ, ನಾನೇ ಹೇಳುತ್ತಿದ್ದೇನೆ. ನಾನೂ ಒಂದು ರಾತ್ರಿ ಹಟ್ಟಿಯ ಹಿಂದೆ, ರೇಂಜ್ ಇರುವ ಒಂದೇ ಜಾಗದಲ್ಲಿ ನಿಂತು ಮಾತಾಡಿದ್ದೇನೆ. ದನ ಒಂದು ಬಿಟ್ಟರೆ ಯಾರೂ ಕೇಳಿಸಿಕೊಳ್ಳಲಿಲ್ಲ. ಆದರೆ ಆ ಅಜ್ಜಿ ಭಾಷೆ ಆರಿಸಲು ಯಾವ ಬಟನ್ ಒತ್ತಬೇಕು ಅಂತ ಮತ್ತೆ ಅದೇ ಪುಳ್ಳಿಯನ್ನು ಕರೆಯಬೇಕು. ಪುಳ್ಳಿಯ ಎದುರು 'ಬೆಳಗಾಗುವುದೇ ಬೇಡ' ಅಂತ ಎಷ್ಟು ಸಲ ಹೇಳುವುದು?

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ತಿಂಗಳಲ್ಲಿ ಆ ಒಂದು ದಿನ, ಡಾಕ್ಟರ ಪಕ್ಕ ಕನ್ನಡ, ತುಳು ಬರುವ ದೊಡ್ಡವರೊಬ್ಬರು. ಊರಿನ ಆಶಾ ಅಕ್ಕಂದಿರಿಗೆ ಎರಡೂ ಬರುತ್ತದೆ, ಅವರಿಗೊಂದು ಕುರ್ಚಿ ಹಾಕಿ, ಆ ದಿನದ ಸಂಬಳ ಕೊಡಿ. ಅಷ್ಟೇ.

ಇನ್ನೊಂದು ಬಾಕಿ ಇದೆ. ಹುಡುಗ 'ಉರಕ್ಕಮಿಲ್ಲ' ಅಂದಾಗಲೇ ನಾನು ಏಳಬಹುದಿತ್ತು. ಏಳಲಿಲ್ಲ. ಮೊಬೈಲ್ ನೋಡುತ್ತಾ ತಲೆ ತಗ್ಗಿಸಿದೆ. ಪಿಗ್ಮಿ ಅಕ್ಕ ಇಲ್ಲಿ ಯಾಕೆ ಕೂತಿದ್ದಾಳೆ ಅಂತ ಆ ಅಜ್ಜಿ ಕೇಳಿದರೆ? ಇಷ್ಟೆಲ್ಲ ಬರೆಯುವವಳ ಧೈರ್ಯ ಅಷ್ಟೇ.

ನನ್ನ ಟೋಕನ್ ಬಂದಾಗ ಒಳಗೆ ಹೋಗಿ ನನ್ನ ವಿಷಯ ಬಿಟ್ಟು ಅವರದ್ದು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟರು. ಸಿಸ್ಟರ್ ಓಡಿಹೋಗಿ ಮದ್ದಿನ ಕೌಂಟರಿನಿಂದ ಅಜ್ಜಿಯನ್ನು ವಾಪಸ್ ಕರೆತಂದರು. ಹುಡುಗನಿಗೆ ಹತ್ತು ರೂಪಾಯಿ ಕೊಟ್ಟು ಮಿಠಾಯಿ ತರಲು ಕಳಿಸಿದೆವು. ಆಮೇಲೆ ಇಪ್ಪತ್ತೈದು ನಿಮಿಷ. ನಾನು ಮಧ್ಯದಲ್ಲಿ. ನನಗೂ ಎಷ್ಟೋ ಮಾತಿಗೆ ಮಲಯಾಳ ಸಿಗಲಿಲ್ಲ, ಆದರೆ ಅವರು ಅಳುವಾಗ ಡಾಕ್ಟರಿಗೆ ನನ್ನ ಅಗತ್ಯ ಬೀಳಲಿಲ್ಲ. ಚೀಟಿ ಬದಲಾಯಿತು. ಮಗನನ್ನು ಕರೆದುಕೊಂಡು ವಾರದೊಳಗೆ ಬರಬೇಕು ಅಂತ ಫೋನ್ ನಂಬರನ್ನೂ ತೆಗೆದುಕೊಂಡರು.

ಬದಿಯಡ್ಕದಿಂದ ಒಂದೇ ಬಸ್ಸು. ಅಜ್ಜಿ ದಾರಿಯುದ್ದಕ್ಕೂ ಮಾತಾಡಿದರು. ಸೊಸೆ, ಬಾವಿ ನೀರು, ಗಂಡನಿಗೆ ಕೊಡಲು ಮರೆತ ಒಂದು ಲೋಟ ಕಾಫಿ. ನನ್ನ ಸ್ಟಾಪು ದಾಟಿ ಎರಡು ಸ್ಟಾಪು ಹೋಗಿತ್ತು, ಕಂಡಕ್ಟರ್ ಎರಡು ಸಲ ನೋಡಿದ. ಇಳಿಯುವಾಗ ಅವರು ಕೈ ಹಿಡಿದು, "ಮುಂದಿನ ಸಲ ನೀನೂ ಬರ್ತೀಯಲ್ಲ ಮಗಾ?" ಅಂದರು. ಯಾಕೆ ಬಂದಿದ್ದೆ ಅಂತ ಕೇಳಲೇ ಇಲ್ಲ.

ಬರ್ತೇನೆ ಅಂದಿದ್ದೇನೆ. ಹಾಗಾಗಿ ಪೇಟೆಯ ಅಂಗಡಿಯವರೇ, ಮುಂದಿನ ತಿಂಗಳು ಆ ದಿನ ಕಲೆಕ್ಷನಿಗೆ ಸಂಜೆ ಆಗಬಹುದು. ದುಡ್ಡು ತೆಗೆದಿಡಿ. ಕಣ್ಣು ತೋರಿಸಲು ಹೋಗಿದ್ದಾಳೆ ಅಂತ ಯಾರೂ ತಿಳಿಯಬೇಡಿ.