ಜಮ್ಮಾ ಬಾಣೆಯಲ್ಲಿ ಮೂರು ವೆಬ್‌ಸೈಟು

ನಮ್ಮ ಕಡೆ ಮಳೆಯನ್ನು ಇಂಚಿನಲ್ಲಿ ಅಳೆಯುತ್ತೇವೆ, ಕಾಫಿಯನ್ನು ಓಟಿಯಲ್ಲಿ. ಓಟಿ ಅಂದರೆ ಔಟ್‌ಟರ್ನ್. 50 ಕೆಜಿ ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮೂಟೆಯಲ್ಲಿ ಸಿಪ್ಪೆ ಹೋದ ಮೇಲೆ ಎಷ್ಟು ಕೆಜಿ ಬೀಜ ಉಳಿಯಿತು ಅನ್ನುವ ಲೆಕ್ಕ. 26 ಬಂದರೆ ಪರವಾಗಿಲ್ಲ, 28 ಬಂದರೆ ಮುಖ ಅರಳುತ್ತದೆ. ಕಳೆದ ಮಳೆಗಾಲದಲ್ಲಿ ನಾನು ಒಂದು ಎಂಬಿಎ ಕಾಲೇಜಿನ ವೆಬ್‌ಸೈಟಿಗೆ ಓಟಿ ತೆಗೆದೆ. ವೆಬ್‌ಸೈಟು ಒಂದಲ್ಲ, ಮೂರು. ಮೂರನ್ನೂ ಒಣಗಿಸಿ ಮಿಲ್ಲಿಗೆ ಹಾಕಿದರೂ ಬೀಜ ಸಿಗಲಿಲ್ಲ. ಬರೀ ಸಿಪ್ಪೆ.

ಕಾಲೇಜಿನ ಹೆಸರು ಬೇಡ. ಕೊಡಗು ಸಣ್ಣ ಜಿಲ್ಲೆ. ನಾಳೆ ಯಾರದ್ದೋ ಮದುವೆಯಲ್ಲಿ ಪಂದಿಕರಿ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಮುಂದೆ ಅವರೇ ಇರುತ್ತಾರೆ.

ಆಗಿದ್ದು ಇಷ್ಟು. ಅಕ್ಕನ ಮಗಳು ಎಂಬಿಎ ಸೇರೋಕೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದಿದ್ದಳು. ಕಾಲೇಜು ಆಯ್ಕೆ ಮಾಡುವ ದಿನ ಹತ್ತಿರ ಬಂದಿತ್ತು. ಅವರ ಮನೆ ಶಾಂತಳ್ಳಿಯಿಂದ ಇನ್ನೂ ಒಳಗೆ. ಕರೆಂಟ್ ಹೋಗಿ ಮೂರು ದಿನ. ಯಾರದ್ದೋ ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಕರೆದಳು. "ಮಾಮ, ನಿಮ್ಮಲ್ಲಿ ನೆಟ್‌ವರ್ಕ್ ಇದೆಯಲ್ಲ, ಆ ಕಾಲೇಜಿನ ಹಾಸ್ಟೆಲ್ ಫೀಸು ಎಷ್ಟು ಅಂತ ಸ್ವಲ್ಪ ನೋಡಿ ಹೇಳಿ." ಎರಡು ನಿಮಿಷದ ಕೆಲಸ ಅಂದುಕೊಂಡೆ.

ಮೊದಲನೇ ವೆಬ್‌ಸೈಟು ತೆರೆದೆ. ಮೇಲೆ ದೊಡ್ಡ ದೊಡ್ಡ ಫೋಟೋಗಳು ತಾವಾಗಿ ಓಡುತ್ತಿದ್ದವು. ಒಂದರಲ್ಲಿ ಮಡಿಕೇರಿಯ ರಾಜಾಸೀಟಿನ ಮಂಜು. ಇನ್ನೊಂದರಲ್ಲಿ ನಾಲ್ಕು ಜನ ಬಿಳಿ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಕೂತು ಲ್ಯಾಪ್‌ಟಾಪ್ ನೋಡಿ ನಗುತ್ತಿದ್ದರು. ಕೊಡಗಿನಲ್ಲಿ ಜುಲೈ ತಿಂಗಳು ಹುಲ್ಲಿನ ಮೇಲೆ ಕೂತು ಯಾರೂ ಹಾಗೆ ನಗಲ್ಲ. ಜಿಗಣೆಗಳು ನಗಬಹುದು. 'ಫೀಸ್' ಅಂತ ಇದ್ದ ಕಡೆ ಒತ್ತಿದೆ. 'ಶೀಘ್ರದಲ್ಲೇ' ಅಂತ ಬಂತು. ಸರಿ, ಮೇಷ್ಟ್ರುಗಳನ್ನಾದರೂ ನೋಡೋಣ ಅಂತ ಹೋದರೆ ಫೈನಾನ್ಸ್ ವಿಭಾಗದ ಮುಖ್ಯಸ್ಥರ ಪರಿಚಯ ಪೂರ್ತಿ ಲ್ಯಾಟಿನ್‌ನಲ್ಲಿತ್ತು. 'ಲೋರೆಮ್ ಇಪ್ಸಮ್' ಅಂತ ಶುರುವಾಗಿ ಎಂಟು ಸಾಲು. ಡಿಸೈನ್ ಮಾಡುವವರು ಖಾಲಿ ಜಾಗ ತುಂಬಿಸೋಕೆ ಹಾಕುವ ಪಠ್ಯ ಅದು. ಕ್ರಿ.ಪೂ. 45ರಲ್ಲಿ ರೋಮಿನ ಸಿಸೆರೋ ಸುಖ ದುಃಖದ ಬಗ್ಗೆ ಬರೆದದ್ದನ್ನು ಯಾರೋ ಕತ್ತರಿಸಿ ಕಲಸಿದ್ದು. ಅಸಲಿ ಪರಿಚಯ ಬಂದ ಮೇಲೆ ಅದನ್ನು ತೆಗೆಯಬೇಕು. ಇಲ್ಲಿ ಅಸಲಿ ಬರಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮಮ್ಮ ಕನ್ನಡಕ ಏರಿಸಿ ನೋಡಿ, "ಎಷ್ಟು ಓದಿದ್ದಾರಪ್ಪ" ಅಂದರು.

ಬಲಗಡೆ ಮೇಲೆ 'ಕನ್ನಡ' ಅಂತ ಒಂದು ಗುಂಡಿ ಇತ್ತು. ಖುಷಿಯಾಯಿತು, ಒತ್ತಿದೆ. 'ಹೋಮ್' ಇದ್ದದ್ದು 'ಮನೆ' ಆಯಿತು. 'ಬೋರ್ಡ್ ಆಫ್ ಸ್ಟಡೀಸ್' ಹೋಗಿ 'ಅಧ್ಯಯನದ ಹಲಗೆ' ಬಂತು. 'ಅಪ್ಲೈ ನೌ' ಇದ್ದ ಕಡೆ 'ಈಗಲೇ ಹಚ್ಚಿ'. ಏನನ್ನು ಹಚ್ಚೋದು, ಎಲ್ಲಿಗೆ ಹಚ್ಚೋದು ಅಂತ ಹೇಳಿರಲಿಲ್ಲ. ಹಾಸ್ಟೆಲ್ ಫೀಸು ಕೇಳಿದವನಿಗೆ ಮುಲಾಮಿನ ಸಲಹೆ.

ಎರಡನೇ ವೆಬ್‌ಸೈಟು ಇದರ ಅಣ್ಣ. ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಬರುವುದು ಇವನೇ. ಮನೆಗೆ ಬಂದವರನ್ನು ಹಳೇ ನಾಯಿ ಎದುರುಗೊಳ್ಳುತ್ತದಲ್ಲ, ಹಾಗೆ. ಇಲ್ಲಿ ಫೀಸಿನ ಪಟ್ಟಿ ಇತ್ತು, ಆದರೆ 2019ರದ್ದು. ಅದೂ ಕಾಗದವನ್ನು ಸ್ಕ್ಯಾನ್ ಮಾಡಿ ಅಡ್ಡಕ್ಕೆ ಏರಿಸಿದ್ದು. ಕುತ್ತಿಗೆ ಓರೆ ಮಾಡಿ ಓದಿದೆ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್ ಇದೆ. ಇಂಥ ಚಿತ್ರ ಸಿಕ್ಕರೆ ಅದು ಬಾಯಿ ಮುಚ್ಚಿಕೊಳ್ಳುತ್ತದೆ. ವೆಬ್‌ಸೈಟು ಎಲ್ಲರಿಗೂ ಓದಲು ಬರುವಂತಿರಬೇಕು ಅನ್ನುವ ಅಂತರರಾಷ್ಟ್ರೀಯ ನಿಯಮಾವಳಿ ಮೊದಲು ಬಂದದ್ದು 1999ರಲ್ಲಿ. ನಮ್ಮ ಹುಡುಗಿ ಆಗ ಹುಟ್ಟಿರಲೇ ಇಲ್ಲ. ಅವಳು ಹುಟ್ಟಿ, ಪದವಿ ಮುಗಿಸಿ, ಎಂಬಿಎಗೆ ಬಂದಿದ್ದಾಳೆ. ನಿಯಮಾವಳಿ ಇನ್ನೂ ಘಾಟಿ ಹತ್ತಿಲ್ಲ.

ಮೂರನೇದರ ವಿಳಾಸ ಕಾಲೇಜಿನ ಬಣ್ಣದ ಪುಸ್ತಿಕೆಯ ಹಿಂದೆ ಅಚ್ಚಾಗಿತ್ತು. ಟೈಪ್ ಮಾಡಿದೆ. ರಮ್ಮಿ ಆಡಿ, ಗೆಲ್ಲಿ ಅಂತ ಬಂತು. ತಪ್ಪು ಟೈಪ್ ಮಾಡಿದೆನಾ ಅಂತ ಮತ್ತೆ ಹೊಡೆದೆ. ಮತ್ತೆ ರಮ್ಮಿ. ವಿಳಾಸದ ವಾಯಿದೆ ಮುಗಿದಿದೆ, ದುಡ್ಡು ಕಟ್ಟಿಲ್ಲ, ಬೇರೆ ಯಾರೋ ಕೊಂಡುಕೊಂಡಿದ್ದಾರೆ. ಒಂದು ಮಾತು ಒಪ್ಪಲೇಬೇಕು. ಮೂರರಲ್ಲಿ ಎಷ್ಟು ದುಡ್ಡು ಕಟ್ಟಬೇಕು ಅಂತ ಸ್ಪಷ್ಟವಾಗಿ ಹೇಳಿದ್ದು ಇದೊಂದೇ.

ಆ ಕಾಲೇಜಿನಲ್ಲಿ ನನಗೆ ಗೊತ್ತಿರುವ ಮೇಷ್ಟ್ರೊಬ್ಬರಿದ್ದಾರೆ. ಡಿಜಿಟಲ್ ಮಾರ್ಕೆಟಿಂಗ್ ಪಾಠ ಮಾಡುತ್ತಾರೆ. ಫೋನ್ ಮಾಡಿದೆ. "ಅಯ್ಯೋ ಮಾರಾಯ್ರೇ, ನಾನೇ ವೆಬ್‌ಸೈಟ್ ಸಮಿತಿಯ ಸಂಚಾಲಕ" ಅಂದರು. ಅವರ ದನಿ ಕೇಳಿದರೆ ಸಾವಿನ ಮನೆಯವರು ಮಾತಾಡಿದಂತಿತ್ತು. ಮೂರು ಯಾಕೆ ಅಂತ ಕೇಳಿದೆ. ಹೊಸ ಡೈರೆಕ್ಟರ್ ಬಂದಾಗಲೆಲ್ಲ ಹೊಸ ವೆಬ್‌ಸೈಟು ಮಾಡಿಸುತ್ತಾರಂತೆ. ಹಳೆಯದನ್ನು ಯಾಕೆ ಮುಚ್ಚಲಿಲ್ಲ ಅಂದೆ. ಮುಚ್ಚೋಕೆ ಪಾಸ್‌ವರ್ಡ್ ಬೇಕಲ್ಲ ಅಂದರು.

ಪಾಸ್‌ವರ್ಡಿನ ಕಥೆ ಕೇಳಿದ ಮೇಲೆ ನನಗೆ ಎಲ್ಲ ಅರ್ಥವಾಯಿತು. ಇದು ಜಮ್ಮಾ ಜಾಗದ ಕಥೆಯೇ. ಜಮ್ಮಾ ಅಂದರೆ ಇಡೀ ಒಕ್ಕದ, ಅಂದರೆ ಮನೆತನದ, ಆಸ್ತಿ. ಎಷ್ಟೋ ಕಡೆ ಪಹಣಿ ತೆಗೆದರೆ ಯಾವ ಕಾಲದ್ದೋ ಪಟ್ಟೇದಾರರ, ಅಂದರೆ ಒಕ್ಕದ ಯಜಮಾನರ, ಹೆಸರು ಇರುತ್ತದೆ. ಅವರು ತೀರಿಕೊಂಡು ಎರಡು ತಲೆಮಾರು ಆಗಿರುತ್ತದೆ. ಗದ್ದೆಗೆ ಸೇರಿದ ಕಾಡುಜಾಗ ಬಾಣೆ, ಅದರಲ್ಲಿ ಪಾಲು ಎಲ್ಲರಿಗೂ ಇದೆ, ಕಾಡು ಕಡಿಯೋಕೆ ಮಾತ್ರ ಯಾರೂ ಇಲ್ಲ. ಕಾಲೇಜಿನ ವೆಬ್‌ಸೈಟಿಗೂ ಒಬ್ಬ ಪಟ್ಟೇದಾರ ಇದ್ದ. ಕಂಪ್ಯೂಟರ್ ಕಲಿಸುತ್ತಿದ್ದ ಹುಡುಗ. ನಮ್ಮ ದೇಶದಲ್ಲಿ 'ಡಾಟ್ ಎಸಿ ಡಾಟ್ ಇನ್' ಅನ್ನುವ ವಿಳಾಸ ಅಂಗಡಿಯಲ್ಲಿ ಸಿಗಲ್ಲ. ಕೇಂದ್ರ ಸರ್ಕಾರದ ಸಂಸ್ಥೆ ಅರ್ನೆಟ್ ಇಂಡಿಯಾದಿಂದಲೇ ತೆಗೆದುಕೊಳ್ಳಬೇಕು, ಶಿಕ್ಷಣ ಸಂಸ್ಥೆ ಅಂತ ಕಾಗದ ತೋರಿಸಬೇಕು. ಆ ಕಾಗದ ಕೊಟ್ಟವನು ಅವನು, ಇಮೇಲ್ ಅವನದ್ದು, ಮೊಬೈಲ್ ನಂಬರೂ ಅವನದ್ದೇ. ಸಂಬಳ ಸರಿಯಾಗಿ ಬರಲಿಲ್ಲ ಅಂತ ಬಿಟ್ಟು ಹೋದ. ಈಗ ಅಪ್ಪನ ಏಲಕ್ಕಿ ತೋಟ ನೋಡಿಕೊಂಡಿದ್ದಾನೆ. ಅಲ್ಲಿ ನೆಟ್‌ವರ್ಕ್ ಸಿಗಲ್ಲ. ಕಾಲೇಜಿನವರು ಒಂದು ಅಕ್ಷರ ಬದಲಾಯಿಸಬೇಕಾದರೂ ಅವನಿಗೆ ಮುಂಚೆ ಹೇಳಿಟ್ಟಿರಬೇಕು. ಅವನು ಗುಡ್ಡ ಹತ್ತಿ ಓಟಿಪಿ ಓದಿ ಹೇಳಬೇಕು. ಅಷ್ಟರಲ್ಲಿ ಓಟಿಪಿಯ ಹತ್ತು ನಿಮಿಷ ಮುಗಿದಿರುತ್ತದೆ. ನಾವು ಓಟಿ ಲೆಕ್ಕ ಹಾಕುವ ಜಿಲ್ಲೆಯಲ್ಲಿ ಅವರು ಓಟಿಪಿ ಕಾಯುತ್ತಾ ಕೂತಿದ್ದಾರೆ.

"ಮತ್ತೆ ಸಮಿತಿ ಏನು ಮಾಡುತ್ತದೆ?" ಅಂತ ಕೇಳಿದೆ. ಸಮಿತಿಗೆ ಪುರುಸೊತ್ತೇ ಇಲ್ಲವಂತೆ. ಹಿಂದಿನ ಸಭೆ ಎರಡೂವರೆ ಗಂಟೆ ನಡೆದು ಡೈರೆಕ್ಟರ್ ಫೋಟೋ ಎಡಕ್ಕಿರಬೇಕೋ ಬಲಕ್ಕಿರಬೇಕೋ ಅಂತ ಚರ್ಚೆ ಆಯಿತಂತೆ. ಟ್ರಸ್ಟಿನ ಅಧ್ಯಕ್ಷರದ್ದು ಅದಕ್ಕಿಂತ ದೊಡ್ಡದಿರಬೇಕು, ಕಾರ್ಯದರ್ಶಿಯದ್ದು ಇಬ್ಬರಿಗಿಂತ ಚಿಕ್ಕದು, ಆದರೆ ತೀರಾ ಚಿಕ್ಕದಲ್ಲ. ಕೊನೆಗೆ ಮೂರೂ ಫೋಟೋ ಸರದಿಯಲ್ಲಿ ಓಡಲಿ ಅಂತ ತೀರ್ಮಾನ. ಮುಖಪುಟದಲ್ಲಿ ಫೀಸಿಗೆ ಜಾಗ ಇಲ್ಲದೇ ಹೋದದ್ದು ಹೀಗೆ.

ಹಾಗಂತ ಅವರು ಏನೂ ಏರಿಸುವುದೇ ಇಲ್ಲ ಅನ್ನಬೇಡಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪರಿಶೀಲನೆ ಇರುವ ವರ್ಷ ರಾತ್ರಿ ಹಗಲು ಏರಿಸುತ್ತಾರೆ. ನ್ಯಾಕ್‌ಗೆ ಪ್ರತಿಯೊಂದಕ್ಕೂ ಸಾಕ್ಷಿ ಬೇಕು. ದಾಖಲೆ ವೆಬ್‌ಸೈಟಿನಲ್ಲಿರಬೇಕು, ಲಿಂಕ್ ಕೊಡಬೇಕು, ಫೋಟೋ ಜಿಯೋಟ್ಯಾಗ್ ಆಗಿರಬೇಕು. ಅಂದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಅದರ ಮೇಲೆಯೇ ಮೂಡಿರಬೇಕು. ಹಾಗಾಗಿ ಕಸದ ಬುಟ್ಟಿಯ ಫೋಟೋ ಇದೆ, ಇಳಿಜಾರು ದಾರಿಯದ್ದಿದೆ, ಗಿಡ ನೆಟ್ಟದ್ದಿದೆ, ಅದೇ ಗಿಡವನ್ನು ಮುಂದಿನ ವರ್ಷ ಮತ್ತೆ ನೆಟ್ಟದ್ದೂ ಇದೆ. ಮಳೆನೀರು ಕೊಯ್ಲಿನ ಫೋಟೋಗಳೇ ಹನ್ನೊಂದು. ಕೊಡಗಿನಲ್ಲಿ ಮಳೆನೀರು ಹಿಡಿದದ್ದಕ್ಕೆ ಸಾಕ್ಷಿ ಬೇಕಾ? ಒಂದು ಫೋಟೋದಲ್ಲಿ ಕಾರಿಡಾರಿನ ಬಕೆಟ್ಟೂ ಕಾಣುತ್ತದೆ. ಸೋರುವ ಸೂರಿನ ಕೆಳಗೆ ಇಟ್ಟದ್ದು ಅಂತ ನನ್ನ ಅನುಮಾನ. ಅದಕ್ಕೂ ಅಕ್ಷಾಂಶ ಇದೆ. ಆ ಬಕೆಟ್ ಎಲ್ಲಿದೆ ಅಂತ ಉಪಗ್ರಹದಿಂದ ಪತ್ತೆ ಹಚ್ಚಬಹುದು, ಹಾಸ್ಟೆಲ್ ಫೀಸನ್ನು ಆಗಲ್ಲ. ಫೀಸಿನ ವಿವರ ವೆಬ್‌ಸೈಟಿನಲ್ಲಿರಲೇಬೇಕು ಅಂತ ಇಂಥ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಐಸಿಟಿಇಯ ಕಡ್ಡಾಯ ಮಾಹಿತಿ ಪಟ್ಟಿ ಹೇಳುತ್ತದೆ. 'ಕಡ್ಡಾಯ ಮಾಹಿತಿ' ಅನ್ನುವ ಲಿಂಕ್ ಕೂಡ ಇತ್ತು. ಒತ್ತಿದರೆ '404', ಅಂದರೆ ಅಂಥ ಪುಟವೇ ಇಲ್ಲ.

ಪ್ರಪಂಚದ ಮೊದಲ ವೆಬ್‌ಸೈಟನ್ನು ಟಿಮ್ ಬರ್ನರ್ಸ್ ಲೀ ಯುರೋಪಿನ ಸರ್ನ್ ಅನ್ನುವ ಭೌತವಿಜ್ಞಾನ ಕೇಂದ್ರದಲ್ಲಿ ಮಾಡಿ, 1991ರಲ್ಲಿ ಹೊರಗಿನವರಿಗೂ ತೆರೆದಿಟ್ಟರು. ಸರ್ನ್‌ನವರು 2013ರಲ್ಲಿ ಅದನ್ನು ಹಳೇ ವಿಳಾಸದಲ್ಲೇ ಮತ್ತೆ ನಿಲ್ಲಿಸಿದರು. ಫೋಟೋ ಇಲ್ಲ, ಬಣ್ಣ ಇಲ್ಲ, ಡೈರೆಕ್ಟರ್ ಇಲ್ಲ. ಬರೀ ಅಕ್ಷರ. ಒತ್ತಿದ ಕೂಡಲೇ ತೆರೆಯುತ್ತದೆ.

ಅಷ್ಟು ದೂರ ಯಾಕೆ ಹೋಗಬೇಕು? ಕಾಫಿ ಸೀಸನ್ನಿನಲ್ಲಿ ಗೋಣಿಕೊಪ್ಪದ ವ್ಯಾಪಾರಿಗಳು ಬೆಳಗಾದರೆ ವಾಟ್ಸಾಪ್‌ನಲ್ಲಿ ರೇಟು ಹಾಕುತ್ತಾರೆ. ಅರೇಬಿಕಾ ಪಾರ್ಚ್‌ಮೆಂಟ್ ಇಷ್ಟು, ಚೆರಿ ಇಷ್ಟು, ರೋಬಸ್ಟಾ ಓಟಿಗೆ ಇಷ್ಟು, ಕರಿಮೆಣಸು ಕೆಜಿಗೆ ಇಷ್ಟು. ಮಧ್ಯಾಹ್ನ ಬದಲಾದರೆ ಮಧ್ಯಾಹ್ನ ಮತ್ತೆ ಹಾಕುತ್ತಾರೆ. ಅವರಲ್ಲಿ ಎಷ್ಟು ಜನ ಎಂಬಿಎ ಓದಿದ್ದಾರೋ ಕಾಣೆ. ನಮ್ಮ ಪಕ್ಕದ ತೋಟದ ಆಂಟಿ ಎರಡು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಮಾರ್ಚಿಯಲ್ಲಿ ಹೂಮಳೆ ಬಿದ್ದು ಕಾಫಿ ಹೂ ಅರಳಿದ ಬೆಳಿಗ್ಗೆಯೇ ಫೋಟೋ ಹಾಕಿ, ಕೆಳಗೆ ಊಟ ಸೇರಿ ಇಷ್ಟು, ಬಿಸಿನೀರು ಇದೆ, ಕರೆಂಟ್ ಗ್ಯಾರಂಟಿ ಇಲ್ಲ ಅಂತ ಬರೆಯುತ್ತಾರೆ. ಕಾಲೇಜಿನ ಹುಡುಗರು ಪ್ರಾಜೆಕ್ಟಿಗೆ ಅಂತ ಅವರ ಹತ್ತಿರ ಬಂದಿದ್ದರಂತೆ. ಸಣ್ಣ ಉದ್ಯಮಗಳಿಗೆ ವೆಬ್‌ಸೈಟ್ ನಿರ್ವಹಣೆ ಕಲಿಸೋಕೆ. ಆಂಟಿ ಅಕ್ಕಿರೊಟ್ಟಿ ಕೊಟ್ಟು ಕಳಿಸಿದರು.

ಕೊನೆಗೆ ನಾನೇ ಹೊರಟೆ. ಅವತ್ತು ನಮ್ಮಲ್ಲಿ ನಾಲ್ಕು ಇಂಚು ಮಳೆ. ದಾರಿಯಲ್ಲಿ ಒಂದು ಕಡೆ ಮರ ಬಿದ್ದಿತ್ತು, ಇನ್ನೊಂದು ಕಡೆ ಮಣ್ಣಿನ ಬರೆ ಜರಿದಿತ್ತು. ಕಾಲೇಜು ಮುಟ್ಟುವಾಗ ಗಂಟೆ ಹನ್ನೆರಡು. ಆಫೀಸಿನ ಕಿಟಕಿಯಲ್ಲಿ ಅಟೆಂಡರ್ ಅಕ್ಕ ಒಬ್ಬರಿದ್ದರು. ಬಾಯಿ ತೆರೆಯುವ ಮೊದಲೇ ಗಾಜಿನ ಕಡೆ ಕೈ ತೋರಿಸಿದರು. ನೋಟ್‌ಬುಕ್ಕಿನ ಹಾಳೆ ಅಂಟಿಸಿತ್ತು. ಟ್ಯೂಷನ್, ಹಾಸ್ಟೆಲ್, ಮೆಸ್, ವಾಪಸ್ ಕೊಡುವ ಠೇವಣಿ, ಎಲ್ಲ ನೀಲಿ ಪೆನ್ನಿನಲ್ಲಿ, ದುಂಡಗಿನ ಅಕ್ಷರದಲ್ಲಿ. "ಎಲ್ಲರೂ ಇದನ್ನೇ ಕೇಳ್ತಾರಣ್ಣ, ಹೇಳಿ ಹೇಳಿ ಗಂಟಲು ನೋವು. ಅದಕ್ಕೆ ಬರೆದು ಅಂಟಿಸಿದೆ" ಅಂದರು. ಸಮಿತಿ ಇಲ್ಲ, ಟೆಂಡರ್ ಇಲ್ಲ, ಓಟಿಪಿ ಇಲ್ಲ. ಬದಲಾದರೆ ಹಾಳೆ ಬದಲಾಯಿಸುತ್ತಾರಂತೆ.

ಗಾಳಿಗೆ ಹಾಳೆಯ ಮೂಲೆ ಹಾರುತ್ತಿತ್ತು. ಹಿಂದಿನ ದಿನ ತೋಟದ ಮರಗಪಾತಿನಲ್ಲಿ, ಅಂದರೆ ನೆರಳು ಮರದ ಕೊಂಬೆ ಕಡಿಯುವಾಗ, ಕತ್ತಿ ತಾಗಿ ಹೆಬ್ಬೆರಳಿಗೆ ಹಳೇ ಹಸಿರು ಲುಂಗಿಯ ಚೂರು ಸುತ್ತಿಕೊಂಡಿದ್ದೆ. ಅದರಲ್ಲೇ ಮೂಲೆ ಒತ್ತಿ ಹಿಡಿದು ಫೋಟೋ ತೆಗೆದೆ. ಅಕ್ಕನ ಮಗಳಿಗೆ ಕಳಿಸಿದೆ. ಅವಳು ಪಿಜಿಸಿಇಟಿ ಗುಂಪಿಗೆ ಹಾಕಿದಳು. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ.

ತಿಂಗಳು ಬಿಟ್ಟು ಕಾಲೇಜಿನಲ್ಲಿ ನಾಲ್ಕನೇ ವೆಬ್‌ಸೈಟಿನ ಉದ್ಘಾಟನೆ ಆಯಿತು. ಹೊಸ ಡೈರೆಕ್ಟರ್ ಬಂದಿದ್ದರು. ದೀಪ ಬೆಳಗಿ, ಹಾರ ಹಾಕಿ, ಜನರೇಟರ್ ಕರೆಂಟಿನಲ್ಲಿ ಗುಂಡಿ ಒತ್ತಿದರಂತೆ. ಮಾರನೇ ದಿನ ಅಕ್ಕನ ಮಗಳ ಫೋನ್. ನಗು ತಡೆಯೋಕಾಗದೆ ಮಾತೇ ಬರುತ್ತಿರಲಿಲ್ಲ. "ಮಾಮ, ಈ ಸಲ ಫೀಸು ಹಾಕಿದ್ದಾರೆ, ಬೇಗ ನೋಡಿ."

ತೆರೆದೆ. 'ಅಧಿಕೃತ ಶುಲ್ಕ ವಿವರ' ಅಂತ ಕೆಂಪಕ್ಷರ. ಪಕ್ಕದಲ್ಲಿ 'ನ್ಯೂ' ಅಂತ ಮಿಣಿಮಿಣಿ. ಒತ್ತಿದೆ. ಅಡ್ಡಡ್ಡ ಒಂದು ಚಿತ್ರ ಬಂತು. ಕುತ್ತಿಗೆ ಓರೆ ಮಾಡಿ ನೋಡಿದೆ. ನೀಲಿ ಪೆನ್ನು, ದುಂಡಗಿನ ಅಕ್ಷರ, ಮೂಲೆಯಲ್ಲಿ ಹಸಿರು ಬಟ್ಟೆ ಸುತ್ತಿದ ನನ್ನ ಹೆಬ್ಬೆರಳು.