ಹುಟ್ಟಿದರೆ ಕೊಡಗಿನಲ್ಲಿ ಕಾಫಿ ಗಿಡವಾಗಿ ಹುಟ್ಟಬೇಕು

ಮಕ್ಕಳ ಮೆದುಳಿಗೆ ಕೆಡುಕಾದ ಸೀಸ ಬೆರೆಸಿದ ಪೆಟ್ರೋಲು 2000ದ ಫೆಬ್ರವರಿ 1ರಂದು ದೇಶದಲ್ಲಿ ನಿಂತಿತು. ಅಂದಿನಿಂದ ನಾವೆಲ್ಲ ನಿಶ್ಚಿಂತರು. ಇಂಜಿನ್ ಬಡಿಯದಿರಲೆಂದು 1921ರಲ್ಲಿ ಈ ಸೀಸದ ಉಪಾಯ ಕಂಡುಹಿಡಿದ ಥಾಮಸ್ ಮಿಡ್‌ಗ್ಲೀ, 1924ರಲ್ಲಿ ಪತ್ರಕರ್ತರ ಮುಂದೆ ಅದೇ ದ್ರವದಲ್ಲಿ ಕೈತೊಳೆದು ತೋರಿಸಿದ್ದ. ನಾವು 2000ದಲ್ಲಿ ತೊಳೆದುಕೊಂಡೆವು, ಅಷ್ಟೇ ವ್ಯತ್ಯಾಸ.

1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸವಿಲ್ಲದ ಪೆಟ್ರೋಲು ಮೊದಲು ಬಂದದ್ದು ಮಕ್ಕಳ ಮೇಲಿನ ಮಮತೆಯಿಂದ ಎಂದುಕೊಂಡಿದ್ದರೆ ನಿಮ್ಮದು ಬಲು ಒಳ್ಳೆಯ ಮನಸ್ಸು. ಅಲ್ಲಿ ಹೊಸ ಕಾರುಗಳಿಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಗಿತ್ತು. ಸೀಸ ತಗುಲಿದರೆ ಅದರೊಳಗಿನ ಪ್ಲಾಟಿನಂ ಲೇಪ ಕೆಲಸಕ್ಕೆ ಬಾರದಾಗುತ್ತದೆ. ಪ್ಲಾಟಿನಂ ದುಬಾರಿ. ಮಗುವಿನ ಮೆದುಳಿಗೆ ಸ್ಪೇರ್‌ಪಾರ್ಟ್ಸ್ ಅಂಗಡಿಯಲ್ಲಿ ದರವೇ ಇಲ್ಲ.

ಈಗ ಸ್ವಲ್ಪ ಲೆಕ್ಕ. 90ರ ದಶಕದ ಆರಂಭದವರೆಗೆ ಲೀಟರಿಗೆ 0.56 ಗ್ರಾಂವರೆಗೆ ಸೀಸಕ್ಕೆ ಅವಕಾಶವಿತ್ತು. ಮಡಿಕೇರಿಯಿಂದ ಕುಶಾಲನಗರಕ್ಕೆ ಸುಮಾರು 30 ಕಿ.ಮೀ. ಲೀಟರಿಗೆ 10 ಕಿ.ಮೀ. ಓಡುವ ಹಳೆಯ ಕಾರು ಮೂರು ಲೀಟರು ಕುಡಿದರೆ 1.7 ಗ್ರಾಂ ಸೀಸ. ಅದರಲ್ಲಿ ಮುಕ್ಕಾಲು ಪಾಲು, ಎಂದರೆ 1.3 ಗ್ರಾಂನಷ್ಟು, ಸೈಲೆನ್ಸರಿನಿಂದ ಹೊರಗೆ. ಅಷ್ಟೂ ಒಂದು ಚದರ ಮೀಟರಿನ ಮೇಲ್ಮಣ್ಣಿಗೆ ಬಿತ್ತೆನ್ನಿ: ಮೇಲಿನ ಎರಡೂವರೆ ಸೆಂಟಿಮೀಟರಿನಲ್ಲಿ ಕಿಲೋ ಮಣ್ಣಿಗೆ 45 ಮಿಲಿಗ್ರಾಂ ಸೇರಿತು. ಇದು ಒಂದು ಕಾರಿನ ಒಂದು ಸವಾರಿ.

ಕೊಡಗಿನ ಇಂಥ ಮಳೆಗೆ ಅದು ಎಂದೋ ಕೊಚ್ಚಿಹೋಯಿತೆಂಬ ಸಮಾಧಾನ ನಮ್ಮಲ್ಲಿ ಬೇಕಾದಷ್ಟಿದೆ. ಸೀಸ ಉಪ್ಪಿನ ಹಾಗೆ ಕರಗಿ ಇಳಿದುಹೋಗುವುದಿಲ್ಲ. ಜೇಡಿಗೂ ಗೊಬ್ಬರದಂಶಕ್ಕೂ ಅಂಟಿ ಮೇಲ್ಪದರದಲ್ಲೇ ಕೂರುತ್ತದೆ. ಮಳೆ ಕೊಚ್ಚಿದರೆ ಮಣ್ಣಿನ ಸಮೇತ ಚರಂಡಿ ಸೇರುತ್ತದೆ. ಅಲ್ಲಿಂದ ಅದನ್ನು ಮನೆಗೆ ತಲುಪಿಸುವ ಜವಾಬ್ದಾರಿಯನ್ನು ಜೆಸಿಬಿ ಹೊತ್ತಿದೆ. ಚರಂಡಿಯ ಹೂಳು, ರಸ್ತೆ ಅಗಲಿಸುವಾಗ ಕೆರೆದ ಕಪ್ಪು ಮಣ್ಣು, ಎರಡೂ "ಒಳ್ಳೆ ಫಲವತ್ತು" ಎಂದು ಹಿತ್ತಿಲಿಗೆ ಬಂದು ಬೀಳುತ್ತವೆ. ಕೊಡಗಿನಲ್ಲಿ ಮಳೆಗಾಲದ ಕಕ್ಕಡ ತಿಂಗಳ 18ರಂದು ಬೇಯಿಸಿ ಉಣ್ಣುವ ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧವಿದೆಯೆಂದು ನಂಬಿಕೆ. ಹೆದ್ದಾರಿ ಅಂಚಿನಲ್ಲಿ ಕಿತ್ತು ತೊಳೆಯದೆ ಬೇಯಿಸಿದರೆ ಹತ್ತೊಂಬತ್ತನೆಯದೂ ಪುಕ್ಕಟೆ. (ಸೊಪ್ಪಿನಲ್ಲಿ ಸೀಸ ಸಿಗುವುದು ಹೆಚ್ಚಾಗಿ ಎಲೆಗೆ ಅಂಟಿದ ಧೂಳಿನಿಂದ, ಬೇರಿನಿಂದಲ್ಲ. ಆದ್ದರಿಂದ ಎರಡು ಮೂರು ನೀರಿನಲ್ಲಿ ತೊಳೆಯುವುದು ವ್ಯರ್ಥವಲ್ಲ.)

ದೊಡ್ಡವರು ನುಂಗಿದ ಸೀಸದಲ್ಲಿ ಮೈಗೆ ಹತ್ತುವುದು ಹತ್ತನೇ ಒಂದು ಪಾಲಿನಷ್ಟು. ಮಕ್ಕಳಿಗೆ ಅರ್ಧದವರೆಗೂ ಹತ್ತಬಹುದು, ಕಬ್ಬಿಣ, ಸುಣ್ಣದಂಶ ಕಡಿಮೆಯಿದ್ದರೆ ಇನ್ನೂ ಸಲೀಸು. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು ತಿಂಗಳು ಸಾಕು, ಮೂಳೆಯಲ್ಲಿ ದಶಕಗಳೇ ಬೇಕು. 80ರ ದಶಕದಲ್ಲಿ ರಸ್ತೆ ಬದಿ ಆಡಿದ ಹುಡುಗಿ ಬಸುರಿಯಾದಾಗ ಮೂಳೆಯ ಸುಣ್ಣದ ಜೊತೆ ಹಳೆಯ ಸೀಸವೂ ಎದ್ದು ಹೊಟ್ಟೆಯ ಕೂಸಿಗೆ ಹೋಗುತ್ತದೆ. ಇಷ್ಟಾದರೂ ಅಂಗನವಾಡಿಯ ಪುಸ್ತಕದಲ್ಲಿ ತೂಕಕ್ಕೆ ಕಾಲಂ ಇದೆ, ಎತ್ತರಕ್ಕಿದೆ, ಸೀಸಕ್ಕಿಲ್ಲ. ವಾಹನದ ಹೊಗೆ ತಪಾಸಣೆಯಲ್ಲೂ ಇಲ್ಲ. ಅಲ್ಲಿ ಪೆಟ್ರೋಲ್ ಗಾಡಿಗೆ ಅಳೆಯುವುದು ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ನು.

ಕಾಫಿ ಗಿಡದ ಯೋಗವೇ ಬೇರೆ. ಅದರ ಬುಡದ ಮಣ್ಣಿನ ಹುಳಿ ಎಷ್ಟು, ಎಕರೆಗೆ ಎಷ್ಟು ಸುಣ್ಣ ಬೇಕು ಎಂದು ನೋಡಲು ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೇ ಇದೆ. ಅಂಗನವಾಡಿ ಅಂಗಳದ ಮಣ್ಣನ್ನೂ ನೋಡಿಸುವ ಹಂಬಲವಿದ್ದರೆ, ಅರ್ಜಿಯಲ್ಲಿ ಬೆಳೆ ಎಂಬಲ್ಲಿ "ರೋಬಸ್ಟಾ", ವಯಸ್ಸು ಎಂಬಲ್ಲಿ "3 ವರ್ಷ" ಎಂದು ಬರೆಯಬಹುದು. ಆದರೆ ತೋಟದ ಪದ್ಧತಿಯಂತೆ ಒಂಬತ್ತು ಇಂಚು ಅಗೆದು ಮಾದರಿ ತೆಗೆಯಬೇಡಿ. ಮೇಲಿನ ಒಂದು ಇಂಚಿನ ಸೀಸ ಕೆಳಗಿನ ಎಂಟು ಇಂಚಿನ ಶುದ್ಧ ಮಣ್ಣಿನಲ್ಲಿ ಬೆರೆತರೆ ಕಿಲೋಗೆ 450 ಮಿಲಿಗ್ರಾಂ ಇದ್ದದ್ದು 50 ಆಗಿ, ವರದಿ ನೋಡಿ ಎಲ್ಲರಿಗೂ ಸಂತೋಷವಾಗುತ್ತದೆ. (ಮನೆಯಂಗಳದ ಮಣ್ಣಿಗೆ ಅಮೆರಿಕ 400 ಇದ್ದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಿತು.) ಜಾರುಬಂಡೆ, ಜೋಕಾಲಿ, ಮೋರಿ ಅಂಚು ಹೀಗೆ ಎಂಟು ಹತ್ತು ಕಡೆ ಮೇಲಿನ ಇಂಚನ್ನಷ್ಟೇ ಕೆರೆದು, ಬೆರೆಸಿ, ಅರ್ಧ ಕಿಲೋ ಕಟ್ಟಿ. ಜೊತೆಗೆ "ಆಸಿಡ್ಡಿನಲ್ಲಿ ಕರಗಿಸಿ ಸೀಸ ಅಳೆಯಿರಿ" ಎಂದು ಬಿಡಿಸಿ ಬರೆಯಿರಿ. ಮಣ್ಣಿನ ಮಾಮೂಲಿ ಫಲವತ್ತತೆಯ ಪರೀಕ್ಷೆಯಲ್ಲಿ ಸೀಸ ಕಾಣುವುದಿಲ್ಲ.

ಬರೆಯುವುದು ಮರೆತರೂ ವರದಿ ಬಂದೇ ಬರುತ್ತದೆ: ಹುಳಿ ಜಾಸ್ತಿ, ಸುಣ್ಣ ಹಾಕಿ, ನೆರಳು ಹದವಾಗಿರಲಿ, ಕಸಿ (ತೋಟದ ಮಾತಿನಲ್ಲಿ ರೆಂಬೆ ಸವರುವುದು) ಮುಂಗಾರಿಗೆ ಮುಂಚೆ ಮುಗಿಸಿ. ಸುಣ್ಣದ ಸಲಹೆಯೇನೂ ತಪ್ಪಲ್ಲ, ಹುಳಿ ಇಳಿದರೆ ಸೀಸದ ಓಡಾಟವೂ ತಗ್ಗುತ್ತದೆ. ಕಸಿಯ ವಿಚಾರ ಅಂಗನವಾಡಿ ಟೀಚರ್ ನೋಡಿಕೊಳ್ಳಬೇಕು.